ಭಾಲ್ಕಿ ಸರ್ ಹಡಗಿನಿಂದ ಮಾಡಿದ ಫೋನು

ಹಡಗಿನ ಕಂಪನಿಯವರು ಕಳಿಸಿದ ನಿಯಮಗಳನ್ನು ಒಂದೊಂದಾಗಿ ಓದಿ ಮುಗಿಸುವ ಹೊತ್ತಿಗೆ ಭಾಲ್ಕಿಯ ಶಾಲೆಯ ಹಾಲ್‌ನಲ್ಲಿ ಕೂತಿದ್ದ ಅರ್ಧ ಮಂದಿಯ ಮಾಸ್ಕು ಗದ್ದಕ್ಕೆ ಇಳಿದಿತ್ತು. ಮಾಸ್ಕಿನ ನಿಯಮ ಓದುವಾಗಲೂ ಹಾಗೇ ಇತ್ತು. ಬೇಸರದಿಂದಲ್ಲ. ಪ್ರಶ್ನೆ ಕೇಳುವವರು ಮಾಸ್ಕು ಇಳಿಸಿ ಕೇಳುತ್ತಿದ್ದರು, ಪಕ್ಕದವರು ಅದಕ್ಕೆ ಉತ್ತರ ಕೊಡಲು ತಮ್ಮದನ್ನೂ ಇಳಿಸುತ್ತಿದ್ದರು.

ನಾನು ಬೀದರಿನ ಒಂದು ಸಣ್ಣ ಟ್ರಾವೆಲ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿಯವರೆಗೆ ನಾನು ಕರೆದುಕೊಂಡು ಹೋದ ಗುಂಪುಗಳೆಲ್ಲ ಬಸ್ಸಿನವು, ಇಲ್ಲವೇ ರೈಲಿನವು. ಹಡಗು ಇದೇ ಮೊದಲು. ಮುಂಬೈಯಿಂದ ಹೊರಟು, ಗೋವಾ ಮುಟ್ಟಿ, ಮತ್ತೆ ಮುಂಬೈಗೇ ಬರುವ ಪ್ರವಾಸ. ಹೊರಟವರು ಬೀದರ, ಭಾಲ್ಕಿ, ಔರಾದಿನ ನಿವೃತ್ತ ಶಿಕ್ಷಕರು ಮತ್ತು ಅವರ ಮನೆಯವರು. ಕೋವಿಡ್‌ನ ಎರಡನೇ ಅಲೆ ಇಳಿದು, ಹಡಗುಗಳು ಮತ್ತೆ ಶುರುವಾದ ದಿನಗಳವು.

ಈ ಹಡಗಿನ ಹುಚ್ಚು ಹಚ್ಚಿದವರು ಭಾಲ್ಕಿಯ ಒಬ್ಬ ನಿವೃತ್ತ ಹೆಡ್‌ಮಾಸ್ಟರು. ಎಲ್ಲರೂ ಅವರನ್ನು ಸರ್ ಎಂದೇ ಕರೆಯುವುದರಿಂದ ನಾನೂ ಹಾಗೇ ಕರೆಯುತ್ತೇನೆ. ಆಫೀಸಿಗೆ ಬಂದು ಕುರ್ಚಿ ಎಳೆದು ಕೂತು ಹೇಳಿದ್ದರು:

"ಮೇಡಂ, ಎರಡ್ ವರ್ಷ ಮೊಬೈಲಿನ್ಯಾಗ ಮಂದಿ ಮಾರಿ ನೋಡಿ ಸಾಕಾಗ್ಯದ್ರಿ. ಎಲ್ಲಾರೂ ಕೂಡಿ ಒಂದ್ ಕಡಿ ಕೂಡಬೇಕು. ಹಡಗಾದ್ರ ಚಲೋ. ಕೆಲಸ ಅದ, ಹೋಗ್ತೇನಿ ಅಂತ ನಡುವ ಯಾರೂ ಇಳದು ಹೋಗೂ ಹಂಗಿಲ್ಲ."

ಅದಕ್ಕೇ ಭಾಲ್ಕಿಯ ಹಾಲ್‌ನಲ್ಲಿ ಈ ತಾಲೀಮು. ಎರಡೂ ಡೋಸು ಲಸಿಕೆಯ ಪ್ರಮಾಣಪತ್ರ ಬೇಕು. ಹೊರಡುವ ಮುನ್ನ ಮೂಗಿನ ಪರೀಕ್ಷೆ ಬೇಕು. ಊಟ ಮಾಡುವಾಗ ಮತ್ತು ತಮ್ಮ ತಮ್ಮ ಕ್ಯಾಬಿನ್ನಿನಲ್ಲಿ ಇರುವಾಗ ಬಿಟ್ಟರೆ ಸದಾ ಮಾಸ್ಕು. ಲಿಫ್ಟಿನಲ್ಲಿ ನಾಲ್ಕೇ ಜನ. ಊಟದ ಟೇಬಲ್ಲು ಮೊದಲ ದಿನ ಯಾವುದೋ ಕೊನೆಯ ದಿನವೂ ಅದೇ. ಅನ್ನ ಪಲ್ಯ ತಾವಾಗಿ ಬಡಿಸಿಕೊಳ್ಳುವಂತಿಲ್ಲ, ಹಡಗಿನ ಸಿಬ್ಬಂದಿಯೇ ಬಡಿಸುತ್ತಾರೆ. ಕೆಮ್ಮು, ಜ್ವರ, ಗಂಟಲು ನೋವು, ಏನೇ ಕಂಡರೂ ಕೂಡಲೇ ಹಡಗಿನ ಆಸ್ಪತ್ರೆಗೆ ಫೋನು ಮಾಡಬೇಕು. ಈ ಕೊನೆಯ ನಿಯಮದ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಕೇಳಿದ್ದೆಲ್ಲ ಊಟದ ಬಗ್ಗೆ.

"ರೊಟ್ಟಿ ಒಯ್ಲಾಕ ಬಿಡಂಗಿಲ್ಲಂದ್ರ ಹ್ಯಾಂಗ ತಂಗಿ?" ಎಂದು ಎದ್ದು ನಿಂತವರು ಚಿಂತಾಕಿಯ ಒಬ್ಬ ಹಿರಿಯ ಹೆಂಗಸು. ಔರಾದಿನ ಒಬ್ಬ ಶಿಕ್ಷಕಿಯ ಅಕ್ಕ ಅವರು. ಗಂಡ ಹೆಂಡತಿ ಇಬ್ಬರೂ ಹೊಲದ ಕೆಲಸದವರು, ತಂಗಿಯ ಒತ್ತಾಯಕ್ಕೆ ಹೆಸರು ಕೊಟ್ಟಿದ್ದರು. ಊರವರೆಲ್ಲ ಅವರಿಗೆ ಆಯಿ ಎನ್ನುತ್ತಿದ್ದರು. "ಹಡಗಿನವರಿಗಿ ನಮ್ಮ ರೊಟ್ಟಿ ಏನ್ ಮಾಡ್ಯದ?"

"ಹೊರಗಿನ ತಿಂಡಿ ಒಳಗ ಬಿಡಂಗಿಲ್ರಿ ಆಯಿ. ಎಲ್ಲಾರಿಗೂ ಅದೇ ರೂಲು," ಎಂದೆ.

"ಎಲ್ಲಾರಿಗೂ ಅಂದ್ರ ಆತು," ಎಂದು ಕೂತರು. ಆದರೆ ಮುಖ ಒಪ್ಪಿರಲಿಲ್ಲ.

ಅಪಾಯದ ಹೊತ್ತಿನಲ್ಲಿ ಹಡಗಿನ ಹಾರ್ನ್ ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಕೂಗುತ್ತದೆ. ಆಗ ಲೈಫ್ ಜಾಕೆಟ್ಟು ಹಾಕಿಕೊಂಡು ಗೊತ್ತಾದ ಜಾಗಕ್ಕೆ ಹೋಗಿ ನಿಲ್ಲಬೇಕು. ಅದನ್ನೂ ತಾಲೀಮು ಮಾಡಿಸಿದೆವು. ಸರ್ ಪಿ.ಟಿ. ಮಾಸ್ತರರ ಸೀಟಿ ಊದಿದರು. ಜಾಕೆಟ್ಟಿನ ಬದಲು ಮಕ್ಕಳ ಪಾಟೀಚೀಲಗಳನ್ನು ಎದೆಯ ಮೇಲೆ ಹಾಕಿಕೊಂಡು ಅರವತ್ತು ದಾಟಿದವರೆಲ್ಲ ಮೆಟ್ಟಿಲೇರಿ ಮಾಳಿಗೆಗೆ ಹೋಗಿ ಸುಣ್ಣದ ಗೆರೆಯ ಮೇಲೆ ನಿಂತರು. ಬೀದರಿನ ಆಸ್ಪತ್ರೆಯೊಂದರಲ್ಲಿ ಇಡೀ ಆಯುಷ್ಯ ನರ್ಸಾಗಿದ್ದು ನಿವೃತ್ತರಾದ ಸಿಸ್ಟರ್ ಒಬ್ಬರು ಗುಂಪಿನಲ್ಲಿದ್ದರು. ನಾನು ಹೋಗುವ ಚರ್ಚಿನವರೇ. ಅವರು ಎಲ್ಲರ ಚೀಲದ ಪಟ್ಟಿ ಜಗ್ಗಿ ನೋಡುತ್ತಾ, "ನೀರಿಗಿ ಬಿದ್ರ ಇದು ಕಳಚಿ ಹೋಗ್ತದ್ರಿ, ಗಚ್ಚಿ ಕಟ್ರಿ," ಎಂದು ಗದರುತ್ತಾ ಹೋದರು. ಆ ದಿನ ನಕ್ಕಷ್ಟು ನಾನು ಆ ಎರಡು ವರ್ಷಗಳಲ್ಲಿ ನಕ್ಕಿರಲಿಲ್ಲ.

ಹೊರಡುವ ವಾರದಲ್ಲೇ ಮೂರನೇ ಅಲೆ ಬಂತು. ಕಂಪನಿ ಆ ಯಾನವನ್ನು ರದ್ದು ಮಾಡಿ ಮುಂದಿನ ತಾರೀಖು ಕೊಟ್ಟಿತು. ನಾನು ಒಬ್ಬೊಬ್ಬರಿಗೂ ಫೋನು ಮಾಡಿ ಹೇಳಿದೆ. ಕೆಲವರು ಹಿಂದೆ ಸರಿದರು. ಅವರಲ್ಲಿ ಸರ್ ಅವರ ಹೆಂಡತಿಯೂ ಒಬ್ಬರು. ಮೊಣಕಾಲು ನೋವು ಎಂದರು. ಆದರೆ ಹೆದರಿಕೆ ಎಂಬುದು ನನಗೆ ಅವರ ದನಿಯಲ್ಲೇ ಗೊತ್ತಾಯಿತು. ಸರ್ ಮಾತ್ರ, "ನಾ ಒಬ್ಬನೇ ಬರ್ತೇನಿ," ಎಂದರು. ಮುಂದಿನ ತಾರೀಖು ಬಂದಾಗ ಬೀದರಿನಲ್ಲಿ ಎಲ್ಲರಿಗೂ ಮೂಗಿನ ಪರೀಕ್ಷೆ ಮಾಡಿಸಿದೆ. ಒಂದು ಜೋಡಿಗೆ ಪಾಸಿಟಿವ್ ಬಂತು, ಅವರೂ ಊರಲ್ಲೇ ಉಳಿದರು. ಮಿಕ್ಕ ಇಪ್ಪತ್ತು ಚಿಲ್ಲರೆ ಮಂದಿ ರೈಲು ಹತ್ತಿದೆವು.

ಮುಂಬೈಯ ಬಂದರಿನಲ್ಲಿ ಹಡಗನ್ನು ಕಂಡಾಗ ಆಯಿ ಕತ್ತು ಹಿಂದಕ್ಕೆ ಬಾಗಿಸಿ ತುಂಬ ಹೊತ್ತು ನೋಡಿದರು.

"ಇದು ಹಡಗಲ್ಲ ತಂಗಿ. ಔರಾದ್ ಪ್ಯಾಟಿನೇ ಎತ್ತಿ ನೀರಾಗ ನಿಂದ್ರಿಸ್ಯಾರ."

ಅಲ್ಲಿ ಮತ್ತೊಮ್ಮೆ ಪರೀಕ್ಷೆ. ಎಲ್ಲರೂ ನೆಗೆಟಿವ್. ಹತ್ತಿದೆವು.

ಮೊದಲ ಸಂಜೆ ನನಗೆ ಕೂತುಕೊಳ್ಳಲು ಪುರುಸೊತ್ತಿರಲಿಲ್ಲ. ನಮ್ಮವರು ದೂರ ದೂರ ಇಟ್ಟ ಕುರ್ಚಿಗಳನ್ನು ಎಳೆದು ಸುತ್ತ ಹಾಕಿಕೊಂಡು ಕೂಡುತ್ತಿದ್ದರು. ಸಿಬ್ಬಂದಿ ಬಂದು ನಗುತ್ತಲೇ ಅವನ್ನು ಮೊದಲಿನ ಜಾಗಕ್ಕೆ ಇಡುತ್ತಿದ್ದರು. ಅವರು ಅತ್ತ ಹೋಗುತ್ತಲೇ ಕುರ್ಚಿಗಳು ಮತ್ತೆ ಹತ್ತಿರ ಸರಿಯುತ್ತಿದ್ದವು. ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರನ್ನೆಲ್ಲ ನಮ್ಮವರು "ಊಟ ಆಯ್ತೇನ್ರಿ?" ಎಂದು ವಿಚಾರಿಸುತ್ತಿದ್ದರು. ಅವರು ಪಾಪ, ಭಾಷೆ ತಿಳಿಯದೆ ಗೋಡೆಗೆ ಆತು ನಿಲ್ಲುತ್ತಿದ್ದರು. ಹಡಗಿನ ತುಂಬ ಇದೇ ನೋಟ. ಯಾರಾದರೂ ಒಂದು ಸಲ ಸೀನಿದರೆ ಸುತ್ತಲಿನ ಕುರ್ಚಿಗಳು ಖಾಲಿಯಾಗುತ್ತಿದ್ದವು. ಸಂಗೀತ ಶುರುವಾದರೆ ಅದೇ ಮಂದಿ ಮೈಗೆ ಮೈ ತಾಗಿಸಿ ಕುಣಿಯುತ್ತಿದ್ದರು. ಹೆದರಿಕೆ, ಬಯಕೆ ಎರಡೂ ಒಂದೇ ಮನುಷ್ಯನಲ್ಲಿ ಹೀಗೆ ಹೊತ್ತಿಗೊಂದು ತಲೆ ಎತ್ತುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಆಗಲೇ. ನಮ್ಮ ಊಟದ ಟೇಬಲ್ಲಿಗೆ ಸರ್, ಸಿಸ್ಟರ್, ಆಯಿ, ಆಯಿಯ ಯಜಮಾನರು ಮತ್ತು ನಾನು.

ಮರುದಿನ ಬೆಳಿಗ್ಗೆ ಸರ್ ನಾಷ್ಟಾಕ್ಕೆ ಬರಲಿಲ್ಲ. ಸಿಸ್ಟರ್ ಚಹಾದ ಕಪ್ಪು ಕೆಳಗಿಟ್ಟು ನನ್ನ ಕಡೆ ಬಾಗಿದರು.

"ನಿನ್ನೆ ಊಟದಾಗೂ ಅವರು ಎರಡ್ ತುತ್ತಿನ ಮ್ಯಾಲ ತಿಂದಿಲ್ಲ. ನೀರು ಮಾತ್ರ ಕುಡೀಲತ್ತಿದ್ರು. ಹೋಗಿ ಬಾಗಿಲಾಗಿಂದ ನೋಡವಾ, ಒಳಗ ಹೋಗಬ್ಯಾಡ."

ಅವರ ಕ್ಯಾಬಿನ್ನಿನ ಬಾಗಿಲು ತಟ್ಟಿದೆ. ಅರ್ಧ ತೆರೆದು, ಮಾಸ್ಕು ಹಾಕಿಕೊಂಡೇ ನಿಂತರು. ಹೆಗಲ ಮೇಲೆ ಶಾಲು. ಕಣ್ಣು ಕೆಂಪಾಗಿದ್ದವು.

"ಸರ್, ಜ್ವರ ಬಂದಾವೇನ್ರಿ?"

"ಇಲ್ರಿ ಮೇಡಂ. ಎ.ಸಿ. ಗಾಳಿಗಿ ಗಂಟಲ ಹಿಡದದ, ಅಷ್ಟೇ."

ಅವರಿಗೆ ಕೆಮ್ಮು ಬಂತು. ಶಾಲು ಬಾಯಿಗೆ ಒತ್ತಿ ಹಿಡಿದರು.

"ಸರ್, ಆಸ್ಪತ್ರಿಗಿ ಫೋನ್ ಮಾಡಬೇಕಲ್ರಿ."

"ಗೋವಾ ಆಗ್ಲಿ ಮೇಡಂ. ನಾಳಿ ಎಲ್ಲಾರೂ ಇಳದು ನೋಡಿ ಬರ್ಲಿ. ಆಮ್ಯಾಲ ಹೇಳೋಣ. ಈಗ ಹೇಳಿದ್ರ ನನ್ನ ಟೇಬಲ್ಲಿನವರನ್ನೆಲ್ಲ ಒಳಗ ಹಾಕ್ತಾರ. ಆಯಿ ಸಮುದ್ರ ನೋಡಾಕ ಚಿಂತಾಕಿಯಿಂದ ಬಂದಾರ."

"ಅದಷ್ಟೇ ಏನ್ರಿ ಸರ್?"

ಅವರು ಬಾಗಿಲ ಚೌಕಟ್ಟಿಗೆ ಒರಗಿದರು. ಆಮೇಲೆ ಹೇಳಿದ್ದನ್ನು ನೆಲ ನೋಡುತ್ತಾ ಹೇಳಿದರು. ಮೊದಲ ಅಲೆಯಲ್ಲಿ ಅವರಿಗೆ ಕೋವಿಡ್ ಬಂದಾಗ ಯಾರೂ ಓಡಾಡದಂತೆ ಪುರಸಭೆಯವರು ಅವರ ಗಲ್ಲಿಗೆ ಅಡ್ಡ ತಗಡು ಬಡಿದಿದ್ದರಂತೆ.

"ಮೂವತ್ತು ವರ್ಷ ಅದೇ ಗಲ್ಲಿ ಹುಡುಗರಿಗಿ ಅಕ್ಷರ ಕಲಿಸೀನ್ರಿ. ತಗಡಿನ ಸಂದ್ಯಾಗಿಂದ ನಾ ನೋಡ್ತಿದ್ದೆ. ನನ್ನ ಕಂಡವರು ಮಾರಿ ತಿರುವಿ ಹೋಗ್ತಿದ್ರು. ಹಾಲಿನವ ಚರಗಿ ದೂರ ಇಟ್ಟು ಓಡ್ತಿದ್ದ. ಬ್ಯಾನಿ ಜಲ್ದಿ ಹೋತ್ರಿ. ಆ ಇಜ್ಜತ್ ಹೋದದ್ದು ಇನ್ನೂ ಒಳಗೇ ಅದ. ಇಲ್ಲೂ ಈ ಇಪ್ಪತ್ತು ಮಂದಿ ಹಂಗೇ ನೋಡಿದ್ರ ನನಗ ತಡೀಲಿಕ್ಕಿ ಆಗಂಗಿಲ್ಲ."

ಭಾಲ್ಕಿಯ ಹಾಲ್‌ನಲ್ಲಿ ಆ ನಿಯಮವನ್ನು ಓದುವಾಗ ಯಾರೂ ಯಾಕೆ ಏನೂ ಕೇಳಲಿಲ್ಲ ಎಂಬುದು ನನಗೆ ಆಗ ತಿಳಿಯಿತು. ಸುಮ್ಮನಿದ್ದವರಲ್ಲಿ ಇನ್ನೆಷ್ಟು ಮಂದಿಯ ಮನೆಯ ಮುಂದೆ ತಗಡು ಬಿದ್ದಿತ್ತೋ.

ಗುಂಪಿನ ಜವಾಬ್ದಾರಿ ನನ್ನದು. ನಾನೇ ಫೋನು ಮಾಡಿ ಹೇಳಿಬಿಡಬಹುದಿತ್ತು, ಹೇಳಲೇಬೇಕಿತ್ತು. ಹಡಗಿನಲ್ಲಿ ನಮ್ಮವರಷ್ಟೇ ಇರಲಿಲ್ಲ, ಸಾವಿರಗಟ್ಟಲೆ ಜನ, ಅದರಲ್ಲಿ ಮುದುಕರು, ಮಕ್ಕಳು. ಆದರೆ ಹಾಗೆ ಮಾಡಿದರೆ ಬಿಳಿ ಅಂಗಿಯವರು ಬಂದು ಸರ್ ಅವರನ್ನು ಹಿಡಿದುಕೊಂಡು ಹೋದಂತಾಗುತ್ತಿತ್ತು. ಅದು ನನಗೆ ಬೇಡವಾಗಿತ್ತು.

"ಸರ್, ಫೋನು ನೀವೇ ಮಾಡ್ರಿ. ನಾ ಇಲ್ಲೇ ಬಾಗಿಲ ಹೊರಗ ನಿಂತಿರ್ತೇನಿ. ನೀವು ಮಾಡ್ಲಿಲ್ಲಂದ್ರ ನಾನೇ ಮಾಡಬೇಕಾಗ್ತದ್ರಿ, ಬಿಡಂಗಿಲ್ಲ. ಆದ್ರ ನೀವು ಮಾಡಿದ್ರ ಚಂದ. ಇನ್ನೊಂದು. ಏನಾರ ಆಗ್ಲಿ, ನಿಮ್ಮನ್ನ ಬಿಟ್ಟು ನಾ ಬೀದರಿಗಿ ಹೋಗಂಗಿಲ್ಲ."

ಈ ಕೊನೆಯ ಮಾತನ್ನು ಯಾರನ್ನೂ ಕೇಳದೆ ಕೊಟ್ಟುಬಿಟ್ಟಿದ್ದೆ. ಸರ್ ಬಾಗಿಲು ಹಾಕಿಕೊಂಡರು. ನಾನು ಎದುರಿನ ಗೋಡೆಗೆ ಬೆನ್ನು ಹಚ್ಚಿ ನಿಂತೆ. ಒಳಗೆ ಏನೂ ಕೇಳಿಸಲಿಲ್ಲ. ಇನ್ನೇನು ನನ್ನ ಕೈ ಮೊಬೈಲಿಗೆ ಹೋಗಬೇಕು, ಅಷ್ಟರಲ್ಲಿ ಒಳಗಿಂದ ಅವರ ದನಿ ಬಂತು. ತರಗತಿಯಲ್ಲಿ ಹಾಜರಿ ಕೂಗುವ ದನಿ. ತಮ್ಮ ಹೆಸರು, ಕ್ಯಾಬಿನ್ನಿನ ಸಂಖ್ಯೆ, ಆಮೇಲೆ ಇಂಗ್ಲಿಷಿನಲ್ಲಿ, ತಮಗೆ ಜ್ವರವಿದೆ, ಕೆಮ್ಮಿದೆ, ನಿನ್ನೆ ಸಂಜೆಯಿಂದ ಇದೆ ಎಂದು.

ಆಮೇಲಿನದೆಲ್ಲ ಒಂದು ಕ್ರಮದಲ್ಲಿ ನಡೆಯಿತು. ಹಡಗಿನ ಡಾಕ್ಟರು ಇಬ್ಬರು ಸಿಬ್ಬಂದಿಯೊಂದಿಗೆ ಬಂದರು. ಪರೀಕ್ಷೆ ಪಾಸಿಟಿವ್. ಇಂಥವರಿಗಾಗಿಯೇ ಖಾಲಿ ಇಟ್ಟ ಕ್ಯಾಬಿನ್ನುಗಳಿದ್ದವು, ಬಾಲ್ಕನಿ ಇದ್ದಂಥವು. ಸರ್ ತಮ್ಮ ಚೀಲ ತಾವೇ ಹಿಡಿದುಕೊಂಡು ನಡೆದರು. ಅವರು ಹೋದ ದಾರಿಗೆ ಔಷಧ ಸಿಂಪಡಿಸಿದರು. ಕ್ಯಾಬಿನ್ನಿನ ಕೀಲಿ ಕಾರ್ಡು ಎಲ್ಲೆಲ್ಲಿ ಉಜ್ಜಿದ್ದರು, ಯಾರ ಜೊತೆ ಮಾಸ್ಕು ತೆಗೆದು ಕೂತಿದ್ದರು ಎಂದೆಲ್ಲ ಪತ್ತೆ ಹಚ್ಚಿದರು. ಹೀಗಾಗಿ ನಮ್ಮ ಟೇಬಲ್ಲಿನ ನಾಲ್ವರಿಗೂ ಪರೀಕ್ಷೆ. ನೆಗೆಟಿವ್ ಬಂದರೂ ನಾವು ಇನ್ನು ಮುಂಬೈವರೆಗೆ ಕ್ಯಾಬಿನ್ ಬಿಡುವಂತಿರಲಿಲ್ಲ. ಆಯಿಯ ಕ್ಯಾಬಿನ್ನು ಹಡಗಿನ ಒಳಭಾಗದ್ದು. ಅದಕ್ಕೆ ಕಿಟಕಿಯೇ ಇರಲಿಲ್ಲ.

ಗುಂಪಿಗೆ ನಾನು ಹಡಗಿನ ವೈಫೈ ಹಿಡಿದು, ಮೊಬೈಲಿನಲ್ಲಿ ಎಲ್ಲರಿಗೂ ಒಟ್ಟಿಗೇ ಕರೆ ಮಾಡಿ ಹೇಳಬೇಕಾಯಿತು. ಸರ್ ತಾವಾಗಿಯೇ ಫೋನು ಮಾಡಿ ಹೇಳಿದರು ಎಂಬುದನ್ನು ಮೊದಲು ಹೇಳಿದೆ. ಆಮೇಲೆ ಬೀದರಿನ ಒಬ್ಬರು, "ಮದ್ಲೇ ಹೇಳಬೇಕಿತ್ತಲ್ರಿ. ಈಗ ನಮ್ಮನ್ನೂ ಪರೇಶಾನ್ ಮಾಡ್ತಾರ," ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಸಿಸ್ಟರ್ ತಮ್ಮ ಕ್ಯಾಬಿನ್ನಿನಿಂದ ಹೇಳಿದರು: "ಅವರು ಹೇಳಿದ್ದಕ್ಕ ನೀವು ಇವತ್ತ ಹೊರಗ ಅಡ್ಡಾಡ್ಲತ್ತೀರಿ. ಹೇಳ್ಲಿಲ್ಲಂದ್ರ ಇವತ್ತು ಎಲ್ಲಾರ ನಡುವ ಕುಂತು ಮಾತಾಡ್ತಿದ್ರು." ಆ ಬೀದರಿನವರೇ ಮಧ್ಯಾಹ್ನ ಸರ್‌ಗೆ ಫೋನು ಮಾಡಿ ಯೋಗಕ್ಷೇಮ ಕೇಳಿದರು.

ಆಯಿಗೆ ಕ್ಯಾಬಿನ್ನಿನ ಫೋನು ಒಲಿದುಬಿಟ್ಟಿತು. ಕ್ಯಾಬಿನ್ನಿನ ಸಂಖ್ಯೆ ಒತ್ತಿದರೆ ಅಲ್ಲಿ ಗಂಟೆ ಬಾರಿಸುತ್ತದೆ ಎಂದು ನಾನು ಹೇಳಿಕೊಟ್ಟಿದ್ದೇ ತಡ, ಸರ್‌ಗೆ ಮೇಲಿಂದ ಮೇಲೆ ಕರೆ. "ಗುರುಗಳೇ, ಗಂಜಿ ಕುಡದ್ರೇನು? ಮೈ ಬೆವತಿತೇನು?" ಒಮ್ಮೆ ಸಂಖ್ಯೆ ತಪ್ಪಿ ಯಾವುದೋ ಗುಜರಾತಿ ಹೆಂಗಸಿಗೆ ಹೋಯಿತು. ಆಯಿಗೆ ಬರುವ ಮರಾಠಿ, ಆ ಹೆಂಗಸಿಗೆ ಬರುವ ಹಿಂದಿ, ಎರಡೂ ಕೂಡಿ ಒಂದು ತಾಸು ಮಾತಾಡಿದರಂತೆ. "ಆಕಿ ಸೊಸಿಗೂ ಹಿಂಗೇ ಬಿಮಾರಂತ ತಂಗಿ. ಆಕಿನೂ ಕ್ವಾಣಿಯಾಗೇ ಕುಂತಾಳ," ಎಂದು ನನಗೆ ವರದಿ ಕೊಟ್ಟರು. ಕಿಟಕಿ ಇಲ್ಲದ್ದಕ್ಕೆ ಬೇಸರವಾಯಿತೇ ಎಂದು ಕೇಳಿದೆ. "ಕಣ್ಣಿಗಿ ಕಾಣದಿದ್ರೇನು, ಹಾಸಿಗಿ ಅಳ್ಳಾಡ್ತದಲ್ಲ. ಸಮುದ್ರ ತಿಳೀತದ," ಎಂದರು.

ಗೋವಾದಲ್ಲಿ ಗುಂಪಿನ ಮಿಕ್ಕವರು ಇಳಿದು ಕಂಪನಿಯ ಬಸ್ಸಿನಲ್ಲಿ ಸುತ್ತಿ ಬಂದರು. ಮರಳಿ ಹತ್ತುವ ಮೊದಲು ಬಂದರಿನ ಕಟ್ಟೆಯ ಮೇಲೆ ನಿಂತು ಸರ್ ಅವರ ಬಾಲ್ಕನಿ ಯಾವುದೆಂದು ಹುಡುಕತೊಡಗಿದರು. ನನ್ನ ಕ್ಯಾಬಿನ್ನಿಗೆ ಒಂದು ದುಂಡನೆಯ ಕಿಟಕಿ ಇತ್ತು, ಅದರಿಂದ ನನಗೆ ಕಟ್ಟೆ ಕಾಣುತ್ತಿತ್ತು. ಅವರು ಮೊದಲು ಕೈ ಬೀಸಿದ್ದು ಯಾವುದೋ ಬೇರೆ ಬಾಲ್ಕನಿಗೆ. ಅಲ್ಲಿದ್ದವರು ಯಾರೋ ಅವರಿಗೆ ಕೈ ಬೀಸಿದ್ದೂ ಆಯಿತು. ಆಮೇಲೆ ಯಾರೋ ಸರ್‌ಗೆ ಫೋನು ಹಚ್ಚಿ ಕೇಳಿದರು. ಎಲ್ಲರೂ ಒಮ್ಮೆಲೇ ಬಲಕ್ಕೆ ತಿರುಗಿ, ಕೊರಳೆತ್ತಿ, "ಸರ್! ಸರ್!" ಎಂದು ಕೂಗಿದರು. ದಪ್ಪ ಗಾಜಿನೊಳಗಿಂದಲೂ ಅದು ನನಗೆ ಕೇಳಿದಂತಾಯಿತು. ಸರ್ ಕಾಣುತ್ತಿರಲಿಲ್ಲ. ಕೆಳಗಿನವರ ಮುಖಗಳಷ್ಟೇ ಕಾಣುತ್ತಿದ್ದವು. ಒಬ್ಬರೂ ಮುಖ ತಿರುಗಿಸಲಿಲ್ಲ. ಕಾವಲಿನವನು ಬಂದು ಸಾಲಿಗೆ ತಳ್ಳುವವರೆಗೆ ಅಲ್ಲಿಂದ ಕದಲಲೂ ಇಲ್ಲ. ಮಧ್ಯಾಹ್ನ ಫೋನಿನಲ್ಲಿ ಸರ್ ಹೇಳಿದ್ದು ಇಷ್ಟೇ: "ಎಲ್ಲಾರೂ ಬಿಸಲಾಗ ನಿಂತಿದ್ರಲ್ರಿ ಮೇಡಂ. ಟೊಪ್ಪಿಗಿ ಹಾಕೊಳ್ಳಂತ ಹೇಳ್ರಿ." ಅಷ್ಟು ಹೇಳಿ ಫೋನು ಇಟ್ಟುಬಿಟ್ಟರು.

ಮುಂಬೈಯಲ್ಲಿ ನಮ್ಮ ನಾಲ್ವರ ಪರೀಕ್ಷೆ ಮತ್ತೆ ನೆಗೆಟಿವ್ ಬಂತು. ಸರ್ ಅವರನ್ನು ಎಲ್ಲರೂ ಇಳಿದ ಮೇಲೆ ಇಳಿಸಿ, ಬೇರೆ ಗಾಡಿಯಲ್ಲಿ, ಇಂಥ ಪ್ರಯಾಣಿಕರಿಗಾಗಿ ಗೊತ್ತು ಮಾಡಿದ ಹೋಟೆಲಿಗೆ ಕಳಿಸುವವರಿದ್ದರು. ನಮ್ಮ ರೈಲು ಅದೇ ಸಂಜೆ. ನಾನು ಟಿಕೆಟ್ಟುಗಳನ್ನು ಸಿಸ್ಟರ್ ಕೈಗೆ ಕೊಟ್ಟೆ. ಸರ್ ಜೊತೆ ಮುಂಬೈಯಲ್ಲೇ ನಿಲ್ಲುತ್ತೇನೆಂದು ಆಫೀಸಿನ ಮಾಲೀಕರಿಗೆ ಫೋನು ಮಾಡಿ ತಿಳಿಸಿದೆ.

"ಇಪ್ಪತ್ತು ಮಂದೀನ ಬಿಟ್ಟು ಒಬ್ಬರ ಸಲುವಾಗಿ ನಿಲ್ತೀರೇನ್ರಿ ಮೇಡಂ? ದಾರ್ಯಾಗ ಇನ್ನೊಬ್ಬರಿಗಿ ಜ್ವರ ಬಂದ್ರ?"

"ಅವರ ಜೋಡಿ ಸಿಸ್ಟರ್ ಅದಾರ್ರಿ. ಸರ್ ಜೋಡಿ ಯಾರೂ ಇಲ್ಲ. ನಾ ಮಾತು ಕೊಟ್ಟೀನಿ."

"ನಿಮ್ಮ ಮಾತಿಗಿ ಆಫೀಸು ಖರ್ಚು ಕೊಡಬೇಕು," ಎಂದು ಗೊಣಗಿದರು. ಆದರೆ ಅದೇ ಹೋಟೆಲಿಗೆ ಅವರೇ ಫೋನು ಮಾಡಿ ನನಗೂ ಒಂದು ರೂಮು ಗೊತ್ತು ಮಾಡಿದರು.

ಸರ್ ಒಂದು ಮಹಡಿಯಲ್ಲಿ, ನಾನು ಇನ್ನೊಂದರಲ್ಲಿ. ಅವರ ಹೆಂಡತಿ ಭಾಲ್ಕಿಯಿಂದ ದಿನಾ ನನಗೆ ಫೋನು ಮಾಡುತ್ತಿದ್ದರು. ಮೊದಲ ದಿನ ಅತ್ತರು. ಆಮೇಲಾಮೇಲೆ, "ಅವರಿಗಿ ಉಪ್ಪಿಟ್ಟು ಸೇರಂಗಿಲ್ರಿ, ಬ್ಯಾರೇ ಏನಾರ ಕೊಡ್ಲಾಕ ಹೇಳ್ರಿ," ಎಂಬಲ್ಲಿಗೆ ಬಂದಿತ್ತು. ಜ್ವರ ಬೇಗ ಇಳಿಯಿತು. ಕೆಮ್ಮು ಹಟ ಹಿಡಿಯಿತು. ಆಯಿ ಚಿಂತಾಕಿ ಮುಟ್ಟಿದ ಮೇಲೂ ಕರೆ ಮಾಡುವುದನ್ನು ಬಿಟ್ಟಿರಲಿಲ್ಲ. ಪರೀಕ್ಷೆ ನೆಗೆಟಿವ್ ಬಂದ ದಿನ ಸರ್ ಶೇವಿಂಗ್ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೆಳಗೆ ಬಂದರು. ಸೊರಗಿದ್ದರು. ಆದರೆ ನಡಿಗೆ ನೆಟ್ಟಗಿತ್ತು.

ಭಾಲ್ಕಿ ಸ್ಟೇಷನ್ನಿನಿಂದ ಅವರ ಮನೆಯವರೆಗೆ ನಾನೂ ಹೋದೆ. ಗಲ್ಲಿಯ ಕಿರಾಣಿ ಅಂಗಡಿಯವನು ಎದ್ದು, "ಹಡಗು ಹ್ಯಾಂಗಿತ್ರಿ ಸರ್?" ಎಂದು ಕೇಳಿದ. ಸರ್ ನಿಂತರು. "ಚಲೋ ಇತ್ತು. ನನಗ ಅಲ್ಲಿ ಕೋವಿಡ್ ಬಂತು. ನಾನೇ ಫೋನ್ ಮಾಡಿ ಹೇಳಿದೆ. ಈಗ ಆರಾಮದೀನಿ," ಎಂದರು. ಅಂಗಡಿಯವನು ಅವರನ್ನೊಮ್ಮೆ ಮೇಲಿಂದ ಕೆಳಗೆ ನೋಡಿದ. ಆಮೇಲೆ, "ಕೂಡ್ರಿ ಸರ್," ಎಂದು ಸ್ಟೂಲು ಮುಂದೆ ಸರಿಸಿದ. ಸರ್ ಕೂತರು.

ಇನ್ನು ಹಡಗಿನ ಪ್ರವಾಸದ ಕಥೆ ಮುಗಿಯಿತು ಎಂದೇ ಮಾಲೀಕರು ಅಂದುಕೊಂಡಿದ್ದರು. "ಯಾರ್ ಬರ್ತಾರ್ರಿ ಇನ್ನ? ಬಸ್ಸಾದ್ರ ಇಳದು ದವಾಖಾನಿಗಿ ಹೋಗಬಹುದು," ಎನ್ನುತ್ತಿದ್ದರು. ನನಗೂ ಭರವಸೆ ಇರಲಿಲ್ಲ. ಆದರೆ ಸೀಸನ್ನು ಮತ್ತೆ ಶುರುವಾದಾಗ ವಿಚಾರಿಸಲು ಜನ ಬಂದರು. ಮೊದಲ ಗುಂಪಿನವರ ಬೀಗರು, ನೆರೆಯವರು, ಅವರ ಗುರುತಿನವರು. ಪರೀಕ್ಷೆಗಳು ಕಡಿಮೆಯಾಗಿದ್ದವು, ನಿಯಮಗಳು ಸಡಿಲವಾಗಿದ್ದವು. ಸಡಿಲವಾದಷ್ಟೂ ಪ್ರಯಾಣಿಕರು ತಾವಾಗಿ ಹೇಳುವ ಮಾತನ್ನೇ ಹೆಚ್ಚು ನಂಬಿ ನಡೆಯಬೇಕಿತ್ತು. ಆ ಗುಂಪಿಗೆ ತಿಳಿವಳಿಕೆ ಹೇಳಲು ಸರ್ ತಾವೇ ಬರುತ್ತೇನೆ ಎಂದರು. ಬಂದು ಊಟದ ವಿಷಯ, ಲಿಫ್ಟಿನ ವಿಷಯ ನನಗೇ ಬಿಟ್ಟು, ತಮಗಾದದ್ದನ್ನಷ್ಟೇ ಹೇಳಿ ಕೂತರು. ತಗಡಿನ ವಿಷಯವನ್ನೂ ಮುಚ್ಚಿಡಲಿಲ್ಲ.

ಆ ಗುಂಪಿನೊಂದಿಗೆ ಮತ್ತೆ ಮುಂಬೈಗೆ ಹೋದೆ. ಬಂದರಿನಲ್ಲಿ ಸಾಲು ನಿಂತಿತ್ತು. ಎಲ್ಲರ ಕಾಗದ ನೋಡುತ್ತಾ ನಾನು ಮುಂದೆ ಹೋಗುತ್ತಿರುವಾಗ ಬಗದಲ್ ಕಡೆಯ ಒಬ್ಬ ಹೆಂಗಸು ಸೆರಗು ಹಿಡಿದುಕೊಂಡು ಸಾಲಿನಿಂದ ಪಕ್ಕಕ್ಕೆ ಬಂದರು. ನನಗೆ ಅಷ್ಟಾಗಿ ಪರಿಚಯದವರಲ್ಲ. ರೈಲಿನಲ್ಲಿ ಇಡೀ ದಾರಿ ಕಿಟಕಿಗೆ ಅಂಟಿ ಕೂತಿದ್ದವರು.

"ಮೇಡಂ, ಮುಂಜಾನಿಂದ ಗಂಟಲ ಕಡೀಲತ್ತದ್ರಿ. ಮೈನೂ ಬೆಚ್ಚಗದ ಅನಸ್ತದ. ಹೇಳ್ಲೋ ಬ್ಯಾಡೋ ಅಂತ ಇಷ್ಟೊತ್ತು ನಿಂತಿದ್ದೆ."

ಹಡಗು ಎದುರಿಗೇ ಇತ್ತು. ಅವರು ಅದರ ಕಡೆ ಒಮ್ಮೆಯೂ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಏನನ್ನುತ್ತೇನೋ ಎಂದು ಅವರ ಹಿಂದಿನ ಸಾಲೂ ಕಾಯುತ್ತಿತ್ತು.

"ಹೇಳಿದ್ದು ಭಾಳ ಚಲೋ ಆತ್ರಿ ಅಕ್ಕ," ಎಂದೆ. "ಬರ್ರಿ, ಡಾಕ್ಟರ ಹತ್ರ ಹೋಗೋಣ. ನಾ ಜೋಡಿ ಬರ್ತೇನಿ."

ಅವರ ಚೀಲ ಎತ್ತಿಕೊಳ್ಳಲು ನಾನು ಬಗ್ಗುವಷ್ಟರಲ್ಲಿ ಸಾಲಿನಲ್ಲಿದ್ದ ಇನ್ನೊಬ್ಬರು ಆಗಲೇ ಅದನ್ನು ಹೆಗಲಿಗೆ ಹಾಕಿಕೊಂಡಿದ್ದರು.